ಪಂದ್ಯ 1, ರನ್ ಇಲ್ಲ, ವಿಕೆಟ್ ಇಲ್ಲ

ಹಳೇ ಕ್ರಿಕೆಟ್ ಅಂಕಿಅಂಶ ಕೆದಕುವ ಚಟ ಇರುವವರು ಜ್ಯಾಕ್ ಮ್ಯಾಕ್‌ಬ್ರಯನ್ ಹೆಸರು ಕಂಡರೆ ಒಮ್ಮೆ ನಗುತ್ತಾರೆ. ಟೆಸ್ಟ್ ಪಂದ್ಯ: 1. ಬ್ಯಾಟಿಂಗ್ ಇಲ್ಲ, ಬೌಲಿಂಗ್ ಇಲ್ಲ, ಒಂದು ಕ್ಯಾಚೂ ಇಲ್ಲ.

ಆಗಿದ್ದು ಇಷ್ಟೇ. 1924ರ ಜುಲೈ 26, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರ್ಯಾಫರ್ಡ್. ದಕ್ಷಿಣ ಆಫ್ರಿಕಾ ಬ್ಯಾಟಿಂಗ್ ಮಾಡ್ತಿತ್ತು. ಸ್ಕೋರು 4 ವಿಕೆಟ್‌ಗೆ 116 ಆಗಿದ್ದಾಗ ಮಳೆ ಬಂತು. ಆಟ ನಡೆದದ್ದು ಒಟ್ಟು 165 ನಿಮಿಷ. ಉಳಿದ ಎರಡು ದಿನವೂ ಮಳೆಗೇ ಹೋಯ್ತು. ಅದೇ ಪಂದ್ಯದಲ್ಲಿ ಮೊದಲ ಟೆಸ್ಟ್ ಆಡಿದ ಗಿಯರಿ, ಡಕ್ವರ್ತ್ ಇಬ್ಬರಿಗೂ ಮುಂದೆ ಬೇಕಾದಷ್ಟು ಅವಕಾಶ ಸಿಕ್ಕಿತು. ಈತನನ್ನು ಮತ್ತೆ ಕರೆಯಲೇ ಇಲ್ಲ.

ನನಗೆ ಈ ನಗು ಅಷ್ಟು ಸರಿ ಅನ್ಸಲ್ಲ. ಯಾಕಂದ್ರೆ ಉಳಿದ ಕಥೆ ಆ ಒಂದು ಸಾಲಿನಲ್ಲಿ ಇಲ್ಲ.

ಮ್ಯಾಕ್‌ಬ್ರಯನ್ ಸಾಮರ್‌ಸೆಟ್ ಕೌಂಟಿಗೆ 1911ರಲ್ಲೇ ಆಡಿದ್ದ. 1914ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಲೆ ಕಾಟೋ ಕದನದಲ್ಲಿ ಗಾಯಗೊಂಡು ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಆಗ ವಯಸ್ಸು 22. ಬ್ಯಾಟ್ಸ್‌ಮನ್ ಒಬ್ಬ ಪಳಗುವ ವಯಸ್ಸಿನ ವರ್ಷಗಳೆಲ್ಲ ಸೆರೆಯಲ್ಲೇ ಕಳೆದವು. ವಾಪಸ್ ಬಂದವನು 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಬ್ರಿಟನ್ ತಂಡದಲ್ಲಿ ಹಾಕಿ ಚಿನ್ನ ಗೆದ್ದ. (ನಮ್ಮ ಮೊದಲ ಹಾಕಿ ಚಿನ್ನಕ್ಕೆ ಇನ್ನೂ 8 ವರ್ಷ ಇತ್ತು.) 1925ರಲ್ಲಿ ವಿಸ್ಡನ್ ತನ್ನ ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬನನ್ನಾಗಿ ಆರಿಸಿತು. ಪ್ರಥಮ ದರ್ಜೆಯಲ್ಲಿ 10 ಸಾವಿರ ದಾಟಿದ ರನ್, 18 ಶತಕ.

ಇಷ್ಟೆಲ್ಲಾ ಸಂಬಳ ಇಲ್ಲದೆ. ಆತ ಅಮೆಚೂರ್.

ಆ ಪದ್ಧತಿಯೇ ಒಂದು ಸೋಜಿಗ. ದುಡ್ಡಿಗೆ ಆಡುವವರು 'ಪ್ಲೇಯರ್ಸ್', ಹಾಗೇ ಆಡುವವರು 'ಜೆಂಟಲ್‌ಮೆನ್'. ಡ್ರೆಸ್ಸಿಂಗ್ ರೂಮ್ ಬೇರೆ ಬೇರೆ, ಕೆಲವು ಕಡೆ ಮೈದಾನಕ್ಕೆ ಇಳಿಯುವ ಗೇಟೂ ಬೇರೆ. ಸ್ಕೋರ್‌ಕಾರ್ಡಿನಲ್ಲಿ ಅಮೆಚೂರ್‌ಗೆ ಇನಿಷಿಯಲ್ ಹೆಸರಿನ ಮುಂದೆ, ಸಂಬಳದವನಿಗೆ ಹೆಸರಿನ ಹಿಂದೆ. ನಮ್ಮ ಮಡಿ-ಮೈಲಿಗೆ ನೋಡಿ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯ ಅಲ್ಲ ಬಿಡಿ. ಕ್ಯಾಪ್ಟನ್ ಪಟ್ಟ ಸಾಮಾನ್ಯವಾಗಿ ಅಮೆಚೂರ್‌ಗೇ ಮೀಸಲು, ಆಟ ಹೇಗೇ ಇರಲಿ. 1962ರ ಕೊನೆಗೆ ಈ ಭೇದವನ್ನೇ ತೆಗೆದುಹಾಕಿದರು.

ಆದರೆ ಮರ್ಯಾದೆ ಹೊಟ್ಟೆ ತುಂಬಿಸಲ್ಲವಲ್ಲ. ಆಸ್ತಿ ಇದ್ದವನು ಬೇಸಿಗೆಯುದ್ದಕ್ಕೂ ಆಡಬಹುದು. ಇಲ್ಲದವನು ಕೆಲಸ ಹುಡುಕಬೇಕು, ಇಲ್ಲಾ ದುಡ್ಡಿಗೆ ಆಡ್ತೀನಿ ಅಂತ 'ಮೇಲಿನ' ಗೇಟು ಬಿಟ್ಟು ಬರಬೇಕು. ಹಾಗೆ ಬಂದವರು ಅಪರೂಪ. ಎಷ್ಟೋ ಅಮೆಚೂರ್‌ಗಳು ರಜೆ ಸಿಕ್ಕಾಗ ನಾಲ್ಕು ಪಂದ್ಯ ಆಡಿ ಆಫೀಸಿಗೆ ಮರಳುತ್ತಿದ್ದರು. ವಾರಾಂತ್ಯದಲ್ಲಿ ಟರ್ಫ್ ಬುಕ್ ಮಾಡಿ ಆಡುವ ನಮಗೆ ಆ ಲೆಕ್ಕಾಚಾರ ಹೊಸದೇನಲ್ಲ. ಮ್ಯಾಕ್‌ಬ್ರಯನ್ ಕೂಡ 1926ರ ನಂತರ ಸಾಮರ್‌ಸೆಟ್‌ಗೆ ಆಡಿದ್ದು ಕಮ್ಮಿ. 1931ಕ್ಕೆ ಪೂರ್ತಿ ಮುಗೀತು.

ಆತ ತೀರಿಕೊಂಡದ್ದು 1983ರ ಜುಲೈ 14ರಂದು, 91 ತುಂಬಲು ಒಂದು ವಾರ ಇದ್ದಾಗ. ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ವಿಶ್ವಕಪ್ ಎತ್ತಿ ಇನ್ನೂ ಮೂರು ವಾರ ಆಗಿರಲಿಲ್ಲ.