ಗಾಳಿಯಂತ್ರಕ್ಕೆ ಮಳೆಯ ಹಂಗು

ಅರಸೀಕೆರೆ ಹರಪನಹಳ್ಳಿಗಳ ಸೀಮೆಯಲ್ಲಿಯೂ, ಕೂಡ್ಲಿಗಿ ಹಡಗಲಿಗಳ ಕಡೆಯ ದಿಬ್ಬಗಳ ಮೇಲೆಯೂ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದನ್ನು ನಮ್ಮ ವಾಚಕರು ಕಂಡಿರುವರಷ್ಟೆ. ಕಲ್ಲಿದ್ದಲಿನ ಹೊಗೆಯಿಂದ ಲೋಕದ ಹವೆಯು ಕೆಟ್ಟು ಮಳೆಗಾಲವು ತನ್ನ ಕ್ರಮವನ್ನು ತಪ್ಪಿರುವ ಈ ಕಾಲದಲ್ಲಿ, ಗಾಳಿಯಿಂದಲೂ ಬಿಸಿಲಿನಿಂದಲೂ ಪಡೆವ ವಿದ್ಯುತ್ತೇ ಮದ್ದೆಂದು ತಿಳಿದವರು ಹೇಳುತ್ತಾರೆ. ಮದ್ದು ಸರಿಯಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಮದ್ದನ್ನು ಅರೆಯುವುದಕ್ಕೆ ಬೇಕಾದ ಸಾಮಗ್ರಿಯು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿಯನ್ನು ರೋಗವೇ ಅಡ್ಡಗಟ್ಟಿದರೆ ಗತಿಯೇನು ಎಂಬುದನ್ನು ವಿಚಾರಿಸಿದವರು ವಿರಳ.

ಗಾಳಿಯಂತ್ರದ ತೂಕದಲ್ಲಿ ದೊಡ್ಡ ಪಾಲು ಉಕ್ಕು. ಆ ಉಕ್ಕು ಗಟ್ಟಿಯಾಗಬೇಕಾದರೆ ಮ್ಯಾಂಗನೀಸ್ ಬೇಕು. ಈ ಕೆಲಸಕ್ಕೆ ಅದರ ಬದಲು ನಿಲ್ಲತಕ್ಕ ಬೇರೊಂದು ಧಾತುವು ಈವರೆಗೆ ದೊರೆತಿಲ್ಲ. ವಿದ್ಯುತ್ತನ್ನು ಕೂಡಿಡುವ ಬ್ಯಾಟರಿಗಳಲ್ಲಿ ಕೆಲವು ಬಗೆಯವಕ್ಕೂ ಅದೇ ಧಾತುವು ಬೇಕು. ಅದು ನಮಗೆ ದೂರದ ವಸ್ತುವಲ್ಲ. ನೆರೆಯ ಸೊಂಡೂರಿನ ದೇವಗಿರಿ ಬೆಟ್ಟದಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಿಂದಲೂ ಮ್ಯಾಂಗನೀಸ್ ಅದಿರನ್ನು ಅಗೆಯುತ್ತಿದ್ದಾರೆ. ಹೊಸಪೇಟೆಯ ಬಳಿಯ ವ್ಯಾಸನಕೆರೆಯ ಕುಲುಮೆಗಳಲ್ಲಿ ಆ ಅದಿರಿನಿಂದ ಮಿಶ್ರಲೋಹವಾಗುತ್ತದೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯಿದೆ. ಗಾಳಿಯನ್ನು ಕೊಡುವ ದಿಬ್ಬಗಳೂ ಅದಿರನ್ನು ಕೊಡುವ ಬೆಟ್ಟಗಳೂ ಒಂದೇ ಸೀಮೆಯಲ್ಲಿ ಕೂಡಿಬಂದಿರುವುದು ನಮ್ಮ ಭಾಗ್ಯವೆನ್ನಬೇಕು. ಭಾಗ್ಯದೊಡನೆ ಹೊಣೆಯೂ ಬಂದಿದೆ.

ಆ ಹೊಣೆ ಎಂಥದೆಂಬುದನ್ನು ಆಸ್ಟ್ರೇಲಿಯದ ಒಂದು ದ್ವೀಪವು ಈಚೆಗೆ ಲೋಕಕ್ಕೆ ತಿಳಿಸಿಕೊಟ್ಟಿತು. ಗ್ರೂಟ್ ಐಲೆಂಡ್ ಎಂಬುದು ಪ್ರಪಂಚದ ದೊಡ್ಡ ಮ್ಯಾಂಗನೀಸ್ ಗಣಿಗಳಲ್ಲಿ ಒಂದಿರುವ ಸ್ಥಳ. 2024ನೆಯ ಮಾರ್ಚಿಯಲ್ಲಿ ಮೇಗನ್ ಎಂಬ ಚಂಡಮಾರುತವು ಅಲ್ಲಿಯ ಹಡಗುಕಟ್ಟೆಯನ್ನು ಮುರಿಯಿತು. ಅದಿರು ಗಣಿಯಲ್ಲಿ ಇದ್ದಂತೆಯೇ ಇತ್ತು. ಹಡಗಿಗೆ ಏರಿಸುವ ದಾರಿ ಮಾತ್ರ ಇಲ್ಲವಾಯಿತು. ಅಲ್ಲಿಂದ ರಫ್ತು ಮತ್ತೆ ಆರಂಭವಾದದ್ದು 2025ರ ಮೇ ತಿಂಗಳಲ್ಲಿ. ನಡುವೆ ಮ್ಯಾಂಗನೀಸಿನ ಬೆಲೆಯು ಲೋಕದ ಪೇಟೆಯಲ್ಲಿ ಬಹಳ ಏರಿತು. ನಮ್ಮ ದೇಶದಲ್ಲಿ ಗಣಿಗಳಿದ್ದರೂ ಹೊರಗಿನಿಂದ ಈ ಅದಿರನ್ನು ತರಿಸದೆ ಉಕ್ಕಿನವರಿಗೆ ಸಾಗುವುದಿಲ್ಲ. ಆದುದರಿಂದ ಎಲ್ಲಿಯೋ ಬೀಸಿದ ಬಿರುಗಾಳಿಯ ದಂಡವನ್ನು ನಾವೂ ತೆರಬೇಕಾಗುತ್ತದೆ. ಇದೊಂದೇ ನಿದರ್ಶನವೂ ಅಲ್ಲ. 2022ರ ಆಗಸ್ಟಿನಲ್ಲಿ ಚೀನದ ಸಿಚುವಾನ್ ಪ್ರಾಂತದ ನದಿಗಳು ಬತ್ತಿ ಜಲವಿದ್ಯುತ್ತು ಕುಗ್ಗಿದಾಗ, ಬ್ಯಾಟರಿಯ ಲಿಥಿಯಂ ಮತ್ತು ಸೌರಫಲಕದ ಸಿಲಿಕಾನ್‌ಗಳನ್ನು ಸಿದ್ಧಪಡಿಸುವ ಕಾರ್ಖಾನೆಗಳು ನಿಲ್ಲಬೇಕಾಯಿತು. ಒಂದು ಕಡೆ ನೀರು ಹೆಚ್ಚಾಗಿ ಕೆಟ್ಟಿತು. ಇನ್ನೊಂದು ಕಡೆ ನೀರಿಲ್ಲದೆ ಕೆಟ್ಟಿತು.

ನಮ್ಮ ಸೀಮೆಯು ಈ ಎರಡನ್ನೂ ಒಂದೇ ವರ್ಷದ ಅಂತರದಲ್ಲಿ ಕಂಡಿದೆ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರದವರು ಸಾರಿದರು. ತುಂಗಭದ್ರೆಯ ಜಲಾಶಯವು ತುಂಬಲಿಲ್ಲ. ಮರುವರ್ಷ ಅದು ತುಂಬಿ ರೈತರು ಸಮಾಧಾನದ ಉಸಿರು ಬಿಡುತ್ತಿದ್ದಾಗಲೇ, ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದನ್ನು ಮುಚ್ಚಿ ನಿಲ್ಲಿಸುವಷ್ಟರಲ್ಲಿ ಕೂಡಿಟ್ಟ ನೀರಿನಲ್ಲಿ ಒಂದು ದೊಡ್ಡ ಪಾಲು ನದಿಗೆ ಹರಿದುಹೋಯಿತು. ಸರಪಳಿ ತುಂಡಾದದ್ದಕ್ಕೆ ಮಳೆಯನ್ನು ದೂರುವುದು ನ್ಯಾಯವಲ್ಲ, ಅದು ಹಳೆಯದಾಗಿತ್ತು. ಆದರೆ ಒಂದು ಬರವನ್ನು ದಾಟಿ ಬಂದ ಸೀಮೆಗೆ ಇಂಥ ಇನ್ನೊಂದು ಪೆಟ್ಟನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು? ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಈ ಜಲಾಶಯವು ಹೂಳು ತುಂಬಿ ಸುಮಾರು 106ಕ್ಕೆ ಇಳಿದಿದೆ. ಇದೇ ನೀರನ್ನು ನಂಬಿ ಗದ್ದೆಗಳಿವೆ, ಊರುಗಳಿವೆ, ಉಕ್ಕಿನ ಕುಲುಮೆಗಳೂ ಇವೆ. ಸಾಗಣೆಯ ಮಾತನ್ನೂ ನೋಡಿರಿ: ಅದೇ 2024ರ ಜುಲೈ ತಿಂಗಳಲ್ಲಿ ಸಕಲೇಶಪುರದಾಚೆಯ ಎಡಕುಮೇರಿ ಘಟ್ಟದಲ್ಲಿ ಗುಡ್ಡ ಕುಸಿದು, ಮಂಗಳೂರಿನ ರೇವಿಗೆ ಹೋಗುವ ರೈಲುದಾರಿಯು ಕೆಲವು ದಿನ ಮುಚ್ಚಿಹೋಯಿತು.

ಅದಿರಿನ ಅಭಾವಕ್ಕೆ ಮದ್ದೆಂದರೆ ಹೊಸ ಗಣಿಗಳನ್ನು ಬೇಗ ತೆರೆಯುವುದೇ ಎಂದು ಕೆಲವರ ವಾದ. ಕೇಂದ್ರ ಸರ್ಕಾರದವರು 2023ರಲ್ಲಿ 30 ಮಹತ್ವದ ಖನಿಜಗಳ ಪಟ್ಟಿಯನ್ನು ಪ್ರಕಟಿಸಿ, 2025ರ ಜನವರಿಯಲ್ಲಿ ಅವುಗಳಿಗಾಗಿಯೇ ಒಂದು ರಾಷ್ಟ್ರೀಯ ಯೋಜನೆಗೆ ಒಪ್ಪಿಗೆಯಿತ್ತರು. ಆ ಪಟ್ಟಿಯಲ್ಲಿ ಮ್ಯಾಂಗನೀಸ್ ಇಲ್ಲ. ಅದನ್ನು ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹಡಗುಕಟ್ಟೆ ಗಟ್ಟಿಯಾಗುವುದಿಲ್ಲ, ಕೆರೆ ತುಂಬುವುದಿಲ್ಲ. ಅವಸರದ ಗಣಿಗಾರಿಕೆಯ ಫಲವನ್ನು ನಮ್ಮ ಜನ ಒಮ್ಮೆ ಉಂಡಿದ್ದಾರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಬೇಕಾಗಿ ಬಂದುದನ್ನು ಯಾರೂ ಮರೆತಿಲ್ಲ. ಬೆಟ್ಟವನ್ನು ಬೋಳಿಸಿ ಮಣ್ಣಿನ ರಾಶಿಯನ್ನು ಹಾಗೆಯೇ ಬಿಟ್ಟರೆ, ಒಂದು ದೊಡ್ಡ ಮಳೆಗೆ ಅದು ಹಳ್ಳಕ್ಕೆ ಇಳಿದು ಕೆರೆಯನ್ನು ತುಂಬುತ್ತದೆ. ಬರಗಾಲದಲ್ಲಿ ಗಣಿಯವನಿಗೆ ಬೇಕಾದ ನೀರನ್ನು ಗಣಿಯವನ ಮಣ್ಣೇ ನುಂಗಿದಂತಾಗುತ್ತದೆ.

ಇಲ್ಲಿ ಇನ್ನೊಂದು ಭಯವೂ ಇದೆ. ನೀರು ಸಾಲದ ವರ್ಷದಲ್ಲಿ, ದೇಶದ ಶುದ್ಧ ಶಕ್ತಿಗೆ ಉಕ್ಕು ಬೇಕೆಂಬ ದೊಡ್ಡ ಮಾತನ್ನು ಮುಂದೊಡ್ಡಿ ರೈತನ ಪಾಲನ್ನು ಕತ್ತರಿಸುವ ಆಸೆ ಅಧಿಕಾರಿವರ್ಗಕ್ಕೆ ಹುಟ್ಟಬಹುದು. ಅದು ಕೂಡದು. ಕುಡಿಯುವ ನೀರು ಮೊದಲು, ಬೆಳೆ ಎರಡನೆಯದು, ಕುಲುಮೆ ಆಮೇಲೆ. ಕುಲುಮೆಗಳು ನಿಂತರೆ ಸಾವಿರಾರು ಕೂಲಿಕಾರರ ಒಲೆಯೂ ಆರುವುದೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ನಮ್ಮ ಸಲಹೆಗಳು ಇವು. ಬಳ್ಳಾರಿ ಹೊಸಪೇಟೆಗಳ ಚರಂಡಿಯ ನೀರನ್ನು ಶುದ್ಧಿಮಾಡಿ ಕಾರ್ಖಾನೆಗಳಿಗೆ ಕೊಡತಕ್ಕದ್ದು. ಗಣಿಯ ಮಣ್ಣಿನ ರಾಶಿಗಳನ್ನು ಮೆಟ್ಟಿಲಾಗಿ ಕಡಿದು, ಬುಡಕ್ಕೆ ಗೋಡೆ ಕಟ್ಟಿ, ಮೇಲೆ ಗಿಡ ಹಾಕತಕ್ಕದ್ದು. ಗುತ್ತಿಗೆಯನ್ನು ಮುಂದುವರಿಸುವ ಮೊದಲು ಇದನ್ನು ಸ್ಥಳದಲ್ಲಿಯೇ ನೋಡತಕ್ಕದ್ದು. ಮಳೆಗಾಲದ ತಿಂಗಳುಗಳಿಗೆ ಸಾಲುವಷ್ಟು ಅದಿರನ್ನು ಮೊದಲೇ ಕೂಡಿಡತಕ್ಕದ್ದು. ಗಣಿಯಿಂದ ಕೆಟ್ಟ ನೆಲದ ಪುನಶ್ಚೇತನಕ್ಕೆಂದು ಕೂಡಿರುವ ನಿಧಿಯಿಂದ ಕೆರೆಗಳ ಹೂಳನ್ನು ತೆಗೆಸತಕ್ಕದ್ದು.

ಇವುಗಳಲ್ಲಿ ಒಂದೂ ಅಸಾಧ್ಯವಾದುದಲ್ಲ, ಒಂದಕ್ಕೂ ಪರದೇಶದ ವಿದ್ಯೆ ಬೇಕಾಗಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿಯನ್ನು ಬಿಟ್ಟರೆ ಸಾಕು. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಅಧಿಕಾರಿಗಳು ಒಟ್ಟಿಗೆ ಕುಳಿತು, ಬರುವ ಮುಂಗಾರಿಗೆ ಮುಂಚೆ ಯಾವ ಗಣಿ, ಯಾವ ರಸ್ತೆ, ಯಾವ ಗೇಟು ದುರ್ಬಲವೆಂಬುದನ್ನು ಬರೆದು ಮಹಾಜನರ ಮುಂದೆ ಇಡಲಿ. ಗಾಳಿಯಂತ್ರದ ರೆಕ್ಕೆಗಳು ನಮ್ಮ ದಿಬ್ಬಗಳ ಮೇಲೆ ತಿರುಗುತ್ತಲೇ ಇರಬೇಕಾದರೆ, ಅವುಗಳ ಬೇರು ಸೊಂಡೂರಿನ ಬೆಟ್ಟದಲ್ಲಿಯೂ ತುಂಗಭದ್ರೆಯ ನೀರಿನಲ್ಲಿಯೂ ಇದೆಯೆಂಬುದನ್ನು ಮರೆಯಲಾಗದು.