ಹಲಗೆಗೆ ಇಳಿಯದ ಹಂದಿ
ನಮ್ಮೂರ ಚಿತ್ರಪ್ರದರ್ಶನಕ್ಕೆ ಪ್ರಾಣಿಗಳನ್ನಾರಿಸುವ ಅಚ್ಚುಗಾರರು ಆಫ್ರಿಕದ ಸಿಂಹವನ್ನೇ ಛಾಯಾಚಿತ್ರದಿಂದ ಎತ್ತಿಕೊಳ್ಳುವುದೇಕೆ? ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ನಾರಿಯರು ಕೂಡಿ ಒಂದಾನೆಯಾಗಿರುವರು. ಐವರು ಕೂಡಿ ಕುದುರೆಯಾಗಿರುವರು. ಮರವನ್ನೇ ಕೊರೆದು ಅಚ್ಚೊತ್ತುವವನಿಗೆ ಇದಕ್ಕಿಂತ ಹತ್ತಿರದ ಗುರುವುಂಟೆ?

ಪರದೇಶದ ಪ್ರಾಣಿ ಬೇಡವೆಂಬುದು ನಮ್ಮ ವಾದವಲ್ಲ. 1430ರ ಸಾವಿರ ಕಂಬದ ಬಸದಿಯ ಜಗತಿಯಲ್ಲಿ ಜಿರಾಫೆಯೂ ಉಂಟು, ಚೀನದ ಡ್ರ್ಯಾಗನ್ನೂ ಉಂಟು. ಆದರೆ ಶಿಲ್ಪಿಯು ಅವನ್ನು ತನ್ನ ಉಳಿಗೆ ಒಗ್ಗಿಸಿಕೊಂಡನು, ನಕಲು ಮಾಡಲಿಲ್ಲ.

ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಗದ್ದೆಯನ್ನು ಹಾಳುಗೆಡಹುವ ಹಂದಿಯೇ ಪಂಜುರ್ಲಿಯಾಗಿ ಕೋಲವನ್ನು ಪಡೆಯುತ್ತದೆ. ಬೈದ ಬಾಯಿಯೇ ಕೈಮುಗಿದು ನಿಲ್ಲುವ ಈ ಸೋಜಿಗವನ್ನು ಯಾವ ಸಿಂಹವು ಕೊಟ್ಟೀತು? ಕೊಳ್ಳುವವರಿಲ್ಲವೆಂಬ ನೆವವೂ ಸಲ್ಲದು. ಒಂದೇ ಹಲಗೆಯಿಂದ ಹಲವು ಪ್ರತಿಗಳನ್ನು ತೆಗೆಯುವ ಕಲೆಯಿದು. ಒಬ್ಬ ಧನಿಕನ ಮೆಚ್ಚುಗೆಗೆ ಕಾಯಬೇಕಾಗಿಲ್ಲ. ಮುಂದಿನ ಪ್ರದರ್ಶನಕ್ಕೆ ಆ ಹಂದಿಯನ್ನು ಕೊರೆಯಲಿ. ಕರಿಯ ಮಸಿಯೊಂದೇ ಸಾಕು.