ಕಂಠವೂ ಒಂದು ಸ್ವತ್ತು

೧೯೮೮ರಲ್ಲಿ ಆರಂಭವಾದ ದೂರದರ್ಶನದ ‘ಮಹಾಭಾರತ’ ಧಾರಾವಾಹಿಯಲ್ಲಿ ಕಾಲಪುರುಷನಾಗಿ ಕಥೆಯನ್ನು ನುಡಿದವರು ಹರೀಶ್ ಭೀಮಾನಿಯವರು. ಆ ಕಂಠವನ್ನು ದೇಶವೇ ಕೇಳಿತು, ಮುಖವನ್ನರಿತವರು ವಿರಳ. ನಿರೂಪಕರ ವೃತ್ತಿಯೇ ಅಂತಹದು. ಕಂಠವೊಂದೇ ಅವರ ಬಂಡವಾಳ.

ಇಂದು ಯಂತ್ರವು ಅಲ್ಪ ಮಾತನ್ನು ಕೇಳಿ ಆ ಕಂಠವನ್ನೇ ಅನುಕರಿಸಬಲ್ಲುದು. ೨೦೨೪ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಕಂಠಕ್ಕೆ ಮುಂಬಯಿಯ ಉಚ್ಚ ನ್ಯಾಯಾಲಯವು ರಕ್ಷಣೆಯನ್ನಿತ್ತಿತು. ಪ್ರಖ್ಯಾತರಿಗೆ ನ್ಯಾಯಾಲಯವುಂಟು, ಕಂತಿಗಿಷ್ಟೆಂದು ದುಡಿಯುವ ಅನಾಮಿಕ ನಿರೂಪಕನಿಗೆ ಯಾರುಂಟು?

ಒಪ್ಪಿಗೆಯಿಲ್ಲದೆ, ಪ್ರತ್ಯೇಕ ಸಂಭಾವನೆಯಿಲ್ಲದೆ ಕಂಠವನ್ನು ನಕಲು ಮಾಡತಕ್ಕುದಲ್ಲವೆಂದು ಕರಾರಿನಲ್ಲಿಯೇ ಬರೆಯಬೇಕು. ಅವರ ಹೆಸರೂ ತೆರೆಯ ಮೇಲೆ ಕಾಣಬೇಕು. ಹೊಲವನ್ನು ಗೇಣಿಗೆ ಕೊಟ್ಟವನು ಹೊಲವನ್ನೇ ಮಾರಿದಂತಾಗುವುದೇ? ವಾಹಿನಿಗಳ ಒಡೆಯರು ಈ ಮಾತನ್ನು ಮನಗಾಣಲೆಂದು ನಾವು ಹಾರೈಸುತ್ತೇವೆ.